ಮದ್ದಿನ ಗಾಡಿಯಲ್ಲಿ ಸುರಂಗ ದಾಟಿದ್ದು

ಗೋಕಾಕ ಬಿಟ್ಟಾಗ ಬೆಳಗಿನ ಆರು ಗಂಟೆ. ಹುಕ್ಕೇರಿಯ ಮೋಟಾರು ಅಂದು ಕೆಟ್ಟು ನಿಂತಿದ್ದರಿಂದ ಎಂಟಾಣೆ ಕೊಟ್ಟು ಭೀಮಪ್ಪನೆಂಬವನ ಎತ್ತಿನ ಚಕ್ಕಡಿ ಹತ್ತಿದೆ. ಕಂಬಳಿಯ ಕೆಳಗೆ ಬಾವಿಯ ಬಂಡೆ ಸಿಡಿಸುವ ಮದ್ದಿನ ಎರಡು ಪೀಪಾಯಿಗಳಿವೆಯೆಂದು ಗೊತ್ತಾದದ್ದು ಊರು ದಾಟಿದ ಮೇಲೆ. ಇಳಿದುಬಿಡೋಣವೆಂದರೆ ಮರುದಿನವೇ ಹುಕ್ಕೇರಿಯ ಶಾಲೆಯಲ್ಲಿ ಹೊಸ ಕೆಲಸಕ್ಕೆ ಹಾಜರಾಗಬೇಕಿತ್ತು.

ಕೊಣ್ಣೂರಿನಲ್ಲಿ ರೊಟ್ಟಿ, ಝುಣಕ ತಿಂದೆವು. ಬಿಸಿಲು ಚುರುಗುಟ್ಟತೊಡಗಿತ್ತು. ಹನ್ನೊಂದರ ಸುಮಾರಿಗೆ ಗುಡ್ಡ ಕೊರೆದು ಮಾಡಿದ ಸುರಂಗದ ಬಾಯಿಗೆ ಬಂದೆವು. ಮದ್ದಿನ ಗಾಡಿಗೆ ಅಲ್ಲಿ ಬೇರೆಯೇ ಕಟ್ಟಳೆ. ಉಳಿದ ಗಾಡಿಗಳೆಲ್ಲ ಹೊರಬಂದ ಮೇಲೆ ಇದೊಂದೇ ಒಳಹೋಗಬೇಕು. ಕಂದೀಲು ಹಚ್ಚುವಂತಿಲ್ಲ. ಕಿಡಿ ಹಾರದಂತೆ ಗಾಲಿಗಳಿಗೂ ಎತ್ತಿನ ಗೊರಸುಗಳಿಗೂ ಒದ್ದೆ ಗೋಣಿ ಸುತ್ತಬೇಕು. ಅದೆಲ್ಲ ಮುಗಿದ ಮೇಲೆ ಸುರಂಗದ ಕಾವಲುಗಾರ ನನ್ನತ್ತ ಕೈಚಾಚಿದ.

“ಕಡ್ಡಿಪೆಟ್ಟಿಗಿ ಕೊಡ್ರಿ. ಮತ್ತೊಂದು ಇಲ್ಲಲ್ರಿ?”

ಒಂದನ್ನು ಕೊಟ್ಟು, “ಇಲ್ಲ” ಎಂದೆ. ಕೋಟಿನ ಒಳಜೇಬಿನಲ್ಲಿ ಮತ್ತೊಂದಿತ್ತು. ಬೀಡಿಯ ಚಟದವನಿಗೆ ಎರಡನ್ನೂ ಕೊಡಲು ಮನಸ್ಸಾಗಲಿಲ್ಲ. ಹಚ್ಚದ ಕಡ್ಡಿಗೆ ಇಷ್ಟೊಂದು ಗದ್ದಲವೇ ಎಂದು ಒಳಗೊಳಗೇ ನಕ್ಕೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಏನೂ ಕಾಣದಾಯಿತು. ಗಾಲಿಯ ಸದ್ದಿಲ್ಲ, ಗೊರಸಿನ ಸದ್ದಿಲ್ಲ. ಗಾಡಿ ಹೋಗುತ್ತಿದೆಯೋ ನಿಂತಿದೆಯೋ ತಿಳಿಯದು. ಪಕ್ಕದ ಚರಂಡಿಯ ನಿಂತ ನೀರಿಗೆ ಮೇಲಿನಿಂದ ಹನಿ ಬೀಳುವುದಷ್ಟೇ ಕೇಳುತ್ತಿತ್ತು. ಅರ್ಧದಾರಿಯಲ್ಲಿ ಗಾಡಿ ಒಮ್ಮೆ ಜಗ್ಗಿತು; ಎತ್ತುಗಳು ತಾವಾಗಿಯೇ ನಿಂತಿದ್ದವು. ಆಗ ಮೂಗಿಗೆ ಬೀಡಿಯ ವಾಸನೆ ಬಡಿಯಿತು. ಆಗತಾನೇ ಹಚ್ಚಿದ ಬೀಡಿ.

“ಭೀಮಪ್ಪ, ಮುಂದ ಯಾರೋ ಬೀಡಿ ಸೇದಾಕತ್ತಾರ!”

“ನಮ್ಮ ಅಣ್ಣ ರೀ ಮಾಸ್ತರ್ರ” ಎಂದ ಅವನು ಮೆಲ್ಲಗೆ. “ಇಲ್ಲೇ ಸತ್ತ. ಮದ್ದಿನ ಗಾಡಿ ಹೊಡ್ಕೊಂಡು ಬಂದಿದ್ದ, ಹಿಂದ ಕುಂತಿದ್ದಾಂವ ಒಬ್ಬ ಕಡ್ಡಿ ಇಲ್ಲಂತ ಸುಳ್ಳು ಹೇಳಿ ಇಲ್ಲಿ ಬಂದು ಗೀರಿದ್ದ. ಈಗ ಯಾರರೆ ಕಡ್ಡಿ ಮುಚ್ಚಿಟ್ಟಿದ್ರ ಅಷ್ಟ ಅಂವ ಬೀಡಿ ಹಚ್ತಾನ್ರಿ.”

ನಾಚಿಕೆಯೂ ಆಯಿತು, ಆದರೆ ಹೆದರಿಕೆಯೇ ಹೆಚ್ಚು. ಒಳಜೇಬಿನ ಪೆಟ್ಟಿಗೆ ತೆಗೆದು ಚರಂಡಿಗೆ ಹಾಕಿದೆ. ವಾಸನೆ ನಿಂತಿತು. ಎತ್ತುಗಳು ಹೆಜ್ಜೆ ಕಿತ್ತವು.

ಭೀಮಪ್ಪ ಮದ್ದನ್ನು ಹುಕ್ಕೇರಿಯಲ್ಲಿ ಇಳಿಸಿದ. ನಾನು ಕೆಲಸಕ್ಕೆ ಹಾಜರಾಗಿ, ಶನಿವಾರ ಮಧ್ಯಾಹ್ನ ಸಾಮಾನು ತರಲು ಅವನ ಬರಿಗಾಡಿಯಲ್ಲೇ ಗೋಕಾಕಕ್ಕೆ ಹೊರಟೆ. ಈ ಸಲ ಸುರಂಗದಲ್ಲಿ ಕಟ್ಟಳೆಯಿಲ್ಲ, ಕಂದೀಲು ಹಚ್ಚಿದ್ದೆವು. ಆದರೂ ಅರ್ಧದಾರಿಯಲ್ಲಿ ಎತ್ತುಗಳು ನಿಂತವು. ಇಳಿದು ಚರಂಡಿಗೆ ಬೆಳಕು ಹಿಡಿದೆ. ನೆನೆದು ಉಬ್ಬಿದ ಕಡ್ಡಿಪೆಟ್ಟಿಗೆಗಳು ತಳದ ತುಂಬ ಬಿದ್ದಿದ್ದವು. ನನ್ನದು ಯಾವುದೆಂದು ಗುರುತಾಗಲಿಲ್ಲ.

ಭೀಮಪ್ಪ ಕಂದೀಲಿಗೆ ಬೀಡಿ ಹಿಡಿದು ಹಚ್ಚಿ, ಬಂಡೆಯ ಮೇಲಿಟ್ಟ.

“ಇಷ್ಟು ಮಂದೀನ ಉಳಿಸ್ಯಾನ್ರಿ. ಅಂವಗೂ ಒಂದು ಬ್ಯಾಡೇನ್ರಿ?”

ಗಾಡಿ ಹೊರಟಿತು. ಸುರಂಗದ ಬಾಯಿಯಲ್ಲಿ ತಡೆಯಲಾರದೆ ಹಿಂದಿರುಗಿ ನೋಡಿದೆ. ದೂರದ ಕತ್ತಲಲ್ಲಿ ಆ ಕೆಂಪು ಚುಕ್ಕೆ, ಯಾರೋ ದಮ್ಮು ಎಳೆದಂತೆ, ಒಮ್ಮೆ ನಿಗಿನಿಗಿ ಉರಿದು ಮಂದವಾಯಿತು.