ಹಳದಿ ದೀಪದ ಪುಸ್ತಕ ಹೆಂಗೈತಿ?

ಮಸ್ಕಿಯ ಬಸ್‌ಸ್ಟ್ಯಾಂಡಿನೆದುರು ಪಾರ್ವತೆಮ್ಮನ ಬಾಡಿಗೆ ಪುಸ್ತಕದಂಗಡಿಯಿಂದ ಕಾದಂಬರಿ ಒಯ್ಯುವುದು ಸಲೀಸು, ತಿರುಗಿ ಕೊಟ್ಟು ಹೋಗುವುದೇ ಕಷ್ಟ. ಕೊಟ್ಟವರನ್ನು ಆಕೆ ಸುಮ್ಮನೆ ಬಿಟ್ಟರೆ ತಾನೇ! "ಹೆಂಗೈತಿ?" ಎಂದು ಶುರು ಹಚ್ಚಿಕೊಳ್ಳುತ್ತಿದ್ದಳು. ಯಾರು ಸತ್ತರು, ಯಾಕೆ ಸತ್ತರು, ನಾಯಕಿ ಕೊನೆಗೆ ಯಾರ ಕೈ ಹಿಡಿದಳು, ಎಲ್ಲ ಹೇಳಬೇಕು. ಸಿಂಧನೂರಿನ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಕತೆ ಮುಗಿಸಿಯೇ ಓಡಬೇಕು. ಹಾಗೆ ಕೇಳಿದ್ದನ್ನೇ ಮರುದಿನ ಇನ್ನೊಬ್ಬರಿಗೆ ಉಪ್ಪು ಖಾರ ಹಚ್ಚಿ ಹೇಳಿ, ಕೊನೆಯದೊಂದನ್ನು ಮಾತ್ರ ಬಾಯಲ್ಲೇ ಇಟ್ಟುಕೊಂಡು, ಪುಸ್ತಕ ಕೈಗಿಡುತ್ತಿದ್ದಳು. "ಏನ್ ಓದಿಕೊಂಡಾಳಪ್ಪ ಈ ಹೆಣ್ಮಗಳು!" ಎಂದು ಊರು ಬೆರಗಾಗುತ್ತಿತ್ತು.

ಓದಿಕೊಂಡಿರುವುದು ಎಲ್ಲಿ ಬಂತು? ಪಾರ್ವತೆಮ್ಮನಿಗೆ ಅ ಆ ಕೂಡ ಬರುತ್ತಿರಲಿಲ್ಲ.

ಹೆಣ್ಣು ನೋಡಲು ಬಂದಾಗ ತವರಿನವರು ಏಳನೇ ಕ್ಲಾಸು ಪಾಸು ಎಂದು ಸುಳ್ಳು ಹೇಳಿ ದಾಟಿಸಿದ್ದರು. ಗಂಡ ಕರಿಬಸಪ್ಪನಿಗೋ ಪುಸ್ತಕದ ಹುಚ್ಚು. ಮದುವೆಯಾದ ವಾರದೊಳಗೇ ಗುಟ್ಟು ಹಿಡಿದ. ಆಕೆ ಅತ್ತಳು, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನಾ ಓದತೀನಿ, ನೀ ಕೇಳು. ಯಾರ ಮುಂದನೂ ಬಾಯಿ ಬಿಡೂದಿಲ್ಲ" ಎಂದ, ಬಿಡಲೂ ಇಲ್ಲ. ಅವನು ಇಟ್ಟ ಪುಸ್ತಕದಂಗಡಿಯಲ್ಲಿ ಕೂರುವ ಪಾಳಿ ಬಂದಾಗ ಆಕೆ ಒಂದು ಉಪಾಯ ಹೂಡಿದಳು. ಕೊಲೆಯ ಪುಸ್ತಕಕ್ಕೆ ಕೆಂಪು ದಾರ ಕಟ್ಟುವುದು, ಸಂಸಾರದ್ದಕ್ಕೆ ಹಳದಿ, ಪ್ರೀತಿಯದ್ದಕ್ಕೆ ಹಸಿರು. ಜನ ಅದನ್ನು ಶೋಕಿ ಎಂದುಕೊಂಡರು. ನಿಜ ಗೊತ್ತಿದ್ದದ್ದು ಗಂಡ ಹೆಂಡತಿ ಇಬ್ಬರಿಗೇ.

ಎಂಬತ್ನಾಲ್ಕನೇ ಇಸವಿಯಲ್ಲಿ ಕರಿಬಸಪ್ಪ ತಾನು ಬರೆದ ಕತೆಗಳನ್ನು ಚೀಲಕ್ಕೆ ತುಂಬಿಕೊಂಡು, "ಬೆಂಗಳೂರಾಗ ಅಚ್ಚು ಹಾಕಿಸ್ಕೊಂಡು ಬರ್ತೀನಿ" ಎಂದು ಹೋದವನು ಹೋದವನೇ. ಲಿಂಗಸುಗೂರಿನಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟಿದ್ದ ಅವನ ಅಣ್ಣ ಅಮರಗುಂಡಪ್ಪ ಬೆಂಗಳೂರೆಲ್ಲ ಅಲೆದು ಬರಿಗೈಯಲ್ಲಿ ಬಂದ. ಕೆಲವು ವರ್ಷ ಕಳೆದ ಮೇಲೆ ಅವನೇ ಮೆಲ್ಲಗೆ ಮಾತು ತೆಗೆದ. "ಇಲ್ಲಂತ ತಿಳಕೊಂಡುಬಿಡೂಣವ್ವಾ. ಮುಂದಿನ ಕಾರ್ಯ ಮುಗಿಸಿದ್ರ ನಿನಗೂ ಒಂದು ಸಮಾಧಾನ."

"ಸತ್ತಾರಂತ ನೋಡಿದವ್ರು ಯಾರ್ರೀ ಭಾವಾರ?" ಎಂದು ಪಾರ್ವತೆಮ್ಮ ಪ್ರತಿ ಸಲ ಅವನ ಬಾಯಿ ಮುಚ್ಚಿಸುತ್ತಿದ್ದಳು, ಕುಂಕುಮ ಅಳಿಸಲು ಒಪ್ಪಲಿಲ್ಲ. ಆದರೆ ತೊಂಬತ್ತೊಂದರ ಹೊತ್ತಿಗೆ ಆಕೆಯೂ ಸೋತಿದ್ದಳು. "ಈ ಶ್ರಾವಣ ಕಳೀಲಿ. ಅಷ್ಟ್ರೊಳಗ ಅವರ ಸುಳಿವು ಸಿಗಲಿಲ್ಲಂದ್ರ ನೀವು ಹೇಳಿದಂಗ ಆಗಲಿ" ಎಂದುಬಿಟ್ಟಳು.

ಅದೇ ಶ್ರಾವಣದಲ್ಲಿ ಹೊಸ ಪುಸ್ತಕಗಳ ಕಟ್ಟು ಬಂತು. ಅದರಲ್ಲೊಂದರ ರಟ್ಟಿನ ಮೇಲೆ ಬೀದಿಯ ಹಳದಿ ದೀಪ, ಕೆಳಗೆ ಸಿಗರೇಟು ಸೇದುತ್ತ ನಿಂತ ಗಂಡಸು. ಅವನ ಬೆನ್ನಷ್ಟೇ ಕಾಣುತ್ತಿತ್ತು. ಪತ್ತೇದಾರಿಯೇ ಇರಬೇಕೆಂದು ಪಾರ್ವತೆಮ್ಮ ಕೆಂಪು ದಾರ ಕಟ್ಟಿದಳು. ಮೊದಲು ಒಯ್ದವನು ಸಿಂಧನೂರು ಬಸ್ಸಿನ ಕಂಡಕ್ಟರ್ ಗ್ಯಾನಪ್ಪ. ತಂದುಕೊಟ್ಟಾಗ ಅವನ ಮುಖ ಕಳೆಗುಂದಿತ್ತು.

"ಹೆಂಗೈತಿ ತಮ್ಮಾ?"

"ಏನ್ ಹೇಳ್ಲಿ ಅಕ್ಕಾರ... ಪತ್ತೇದಾರನೇ ಕುಡುಕ ಅದಾನ. ಬೆಂಗಳೂರಂತೂ ಬರೇ ಕತ್ತಲಿ, ಗಟಾರ, ಲಾಡ್ಜು. ಒಬ್ಬರೂ ನೆಟ್ಟಗಿಲ್ಲ."

"ಅದಿರ್ಲಿ, ಕೊಲೆ ಮಾಡಿದಾವ ಯಾರು?"

ಗ್ಯಾನಪ್ಪ ಆಕೆಯ ಗದ್ದದ ಮೇಲಿನ ಮಚ್ಚೆ ನೋಡಿದ, ಕಪಾಟಿನ ಬಣ್ಣದ ದಾರಗಳನ್ನು ನೋಡಿದ. "ಬಸ್ ಹೊಂಟೈತ್ರಿ ಅಕ್ಕಾರ" ಎಂದು ಓಡಿದ. ಬಸ್ಸು ಇನ್ನೂ ಬಂದೇ ಇರಲಿಲ್ಲ.

ಆಮೇಲೆ ಒಯ್ದವಳು ದವಾಖಾನೆಯ ನರ್ಸ್ ಆದಮ್ಮ. ತಿರುಗಿ ಕೊಡುವಾಗ ಪುಸ್ತಕವನ್ನು ಮುಟ್ಟಲು ಹೇಸಿದವಳಂತೆ ತುದಿಬೆರಳಲ್ಲಿ ಹಿಡಿದಿದ್ದಳು. "ಥೂ! ಇಂಥಾದ್ದು ಬರ್ಯಾಕ ಮನಸಾದ್ರೂ ಹೆಂಗ ಬಂತೋ! ಕೊಂದಾವಗ ಶಿಕ್ಷಾ ಇಲ್ಲ, ಸತ್ತಾಕಿಗೆ ನ್ಯಾಯ ಇಲ್ಲ. ಒಳಗಿಟ್ಟುಬಿಡ್ರಿ ಪಾರ್ವತೆಮ್ಮಾರ, ಯಾರಿಗೂ ಕೊಡಬ್ಯಾಡ್ರಿ."

"ಸತ್ತಾಕಿ ಯಾರು?"

ಆದಮ್ಮನ ಕಣ್ಣು ತುಂಬಿತು. ಪಾರ್ವತೆಮ್ಮನ ಕೈಯನ್ನೊಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು, ಹೋದಳು.

ಆಮೇಲೆ ನೋಡಿ, ಆ ಪುಸ್ತಕಕ್ಕೆ ಪಾಳಿ ಹತ್ತಿತು. ಒಬ್ಬ ಭಾರಿ ಐತಿ ಎನ್ನುತ್ತಿದ್ದ, ಇನ್ನೊಬ್ಬ ಹೇಸಿಗಿ ಎನ್ನುತ್ತಿದ್ದ. ಪತ್ತೇದಾರ ಅಂದಮೇಲೆ ಕಳ್ಳನನ್ನು ಹಿಡಿಯಬೇಕೋ ಬ್ಯಾಡೋ ಎಂದು ಚಹಾದಂಗಡಿಯಲ್ಲಿ ಜಗಳವೇ ಆಯಿತು. ಆದರೆ ಕೊನೆಯಲ್ಲಿ ಏನಾಯಿತೆಂದು ಕೇಳಿದರೆ ಎಲ್ಲರ ಬಾಯಿಗೂ ಬೀಗ. ಎಲ್ಲರೂ ಆಕೆಯ ಗದ್ದವನ್ನೇ ನೋಡುವವರು. ಕೊನೆಗೊಬ್ಬ ಕಿಲಾಡಿ ಯಾವುದೋ ಪುಸ್ತಕ ಮುಂದೆ ಹಿಡಿದು, "ಚಷ್ಮಾ ಮರ್ತು ಬಂದೀನ್ರಿ, ಇದರ ಹೆಸರು ಸ್ವಲ್ಪ ಓದ್ರಿ" ಎಂದ. ಪಾರ್ವತೆಮ್ಮ ಕೇಳಿಸದವಳಂತೆ ಕಪಾಟಿನ ಕಡೆ ತಿರುಗಿದಳು. ಇಷ್ಟು ವರ್ಷ ಯಾರೂ ಕೇಳದ ಮಾತು!

ಮಧ್ಯಾಹ್ನ ಅಂಗಡಿಯ ಬಾಗಿಲು ಮುಂದೆ ಮಾಡಿ, ಆ ಪುಸ್ತಕವನ್ನು ಸೆರಗಿನಲ್ಲಿಟ್ಟುಕೊಂಡು ಪಕ್ಕದ ಬಳೆ ಅಂಗಡಿಯ ಮಾಬುಬೀಯ ಮುಂದೆ ಕುಳಿತಳು.

"ಮಾಬೂ, ನನಗ ಓದಾಕ ಬರೂದಿಲ್ಲ ಬೇ. ಇದನ್ನ ಓದಿ ಹೇಳು."

"ಗೊತ್ತೈತಿ ಅಕ್ಕಾ" ಎಂದಳು ಮಾಬುಬೀ.

"ಹೆಂಗ?"

"ಇದರಾಗ ಐತಿ."

ಮಾಬುಬೀ ನೆಲ ನೋಡುತ್ತ ಹೇಳಿದಳು: "ಪತ್ತೇದಾರ ಬೆಂಗಳೂರ ತುಂಬ ಒಬ್ಬಾಕಿನ ಕೊಂದಾವನ್ನ ಹುಡುಕ್ತಾನ. ಕಡೀಗೆ ನೋಡಿದ್ರ ಕೊಂದಾವ ಆ ಪತ್ತೇದಾರನೇ. ಗುಡ್ಡದ ಬುಡದ ಸಣ್ಣ ಊರಾಗ ಹೆಂಡ್ತಿ ಕುತ್ತಿಗಿ ಹಿಚುಕಿ ಬಂದಿರ್ತಾನ. ಆಕಿ ಗದ್ದದ ಮ್ಯಾಲ ಮಚ್ಚಿ. ಓದಾಕ ಬರೂದಿಲ್ಲ, ಪುಸ್ತಕದಂಗಡಿ ನಡಸ್ತಾಳ. ಕೊಲೀಗೆ ಕೆಂಪು ದಾರ, ಸಂಸಾರಕ್ಕ ಹಳದಿ... ತೌಬಾ! ಓದಿ ನನಗ ಮೈಯೆಲ್ಲ ನಡುಗಿಬಿಡ್ತು. ಬರ್ದಾವನ ಹೆಸರು ಬ್ಯಾರೆ ಐತಿ, ಆದ್ರ..."

ಹೆಸರು ಬೇರೆ ಇದ್ದರೇನು? ದಾರದ ಗುಟ್ಟು ಬಲ್ಲ ಗಂಡಸು ಈ ಭೂಮಿಯ ಮೇಲೆ ಒಬ್ಬನೇ.

"ಬದುಕ್ಯಾರ!" ಪಾರ್ವತೆಮ್ಮ ಚೀರಿದಳು. "ಮಾಬೂ, ನಮ್ಮನಿಯವ್ರು ಬದುಕ್ಯಾರ ಬೇ!" ಎಂದು ಅವಳ ಎರಡೂ ಕೈ ಹಿಡಿದು ಅಲ್ಲಾಡಿಸಿದಳು. ಒಂದು ಗಳಿಗೆ ಬೇರೆ ಏನೂ ಬೇಡವೆನಿಸಿತು. ಮರುಗಳಿಗೆಯೇ ಹಿಡಿತ ಸಡಿಲಾಯಿತು.

"ಮತ್ತ... ನನ್ನ ಯಾಕ ಕೊಂದ್ರು?"

ಮಾಬುಬೀ ಬೇಡ ಬೇಡವೆನ್ನುತ್ತಲೇ ಕೊನೆಯ ಪುಟ ತೆಗೆದು ಓದಿದಳು: "‘ಊರಿನಲ್ಲಿ ಅವಳು ಕಾಯುತ್ತಿದ್ದಾಳೆ ಎಂಬುದು ನನ್ನ ನಿದ್ದೆ ಕೆಡಿಸಿತ್ತು. ಕೊಂದೆ. ಈಗ ಅವಳು ಇಲ್ಲ. ಈಗ ನಿದ್ದೆ ಬರುತ್ತದೆ.’"

"ಇನ್ನೊಮ್ಮೆ ಓದು."

ಮಾಬುಬೀ ಇನ್ನೊಮ್ಮೆ ಓದಿದಳು. ಪಾರ್ವತೆಮ್ಮ ಅಳಲಿಲ್ಲ. ಇಲ್ಲವೆಂದು ತಿಳಿದುಕೋ ಎಂದ ಊರಿನ ಜೊತೆ ಇಷ್ಟು ವರ್ಷ ಬಡಿದಾಡಿ ಆಕೆ ಅವನನ್ನು ಉಳಿಸಿಕೊಂಡು ಬಂದಿದ್ದಳು. ಅವನು ಅಲ್ಲಿ ಆಕೆಯನ್ನು ಇಲ್ಲ ಎಂದು ಬರೆದು, ಮಗ್ಗುಲಾಗಿ ಮಲಗಿದ್ದ. ಮಾಬುಬೀಯ ಕೈಯಿಂದ ಪುಸ್ತಕ ಕಿತ್ತುಕೊಂಡು ಆಕೆ ಎದ್ದಳು.

ಸುದ್ದಿ ಲಿಂಗಸುಗೂರು ಮುಟ್ಟಲು ಎಷ್ಟು ಹೊತ್ತು? ಮರುದಿನ ಭಾವ ಅಮರಗುಂಡಪ್ಪ ಏದುಸಿರು ಬಿಡುತ್ತ ಬಂದ. "ಪಾರ್ವತೀ, ತಮ್ಮ ಬದುಕ್ಯಾನಂತಲ್ಲವ್ವಾ! ಅಚ್ಚು ಹಾಕಿದವರ ವಿಳಾಸ ಪುಸ್ತಕದಾಗ ಐತಿ. ಇವತ್ತ ಹೋಗಿ ಕರ್ಕೊಂಡು ಬರ್ತೀನಿ."

"ಬ್ಯಾಡ್ರಿ ಭಾವಾರ. ಮಲಗ್ಯಾನ, ಮಲಗಲಿ."

ಗಂಡನನ್ನು ಆಕೆ ಏಕವಚನದಲ್ಲಿ ಅಂದದ್ದು ಅದೇ ಮೊದಲು. "ಮತ್ತ ಕುಂಕುಮ?" ಎಂದು ಭಾವ ತೊದಲಿದ.

"ಹಣಿ ನಂದೈತ್ರೀ" ಎಂದು ಪಾರ್ವತೆಮ್ಮ ಅಂಗಡಿಯ ಬಾಗಿಲು ಪೂರ್ತಿ ತೆರೆದಳು.

ಅಷ್ಟರಲ್ಲಿ ಚಷ್ಮಾದ ಕಿಲಾಡಿ ಮತ್ತೆ ಬಂದ. ಗ್ಯಾನಪ್ಪನೂ ಆದಮ್ಮನೂ ಅಲ್ಲೇ ಇದ್ದರು. ಕಿಲಾಡಿ ಹಳದಿ ದೀಪದ ಪುಸ್ತಕ ಎತ್ತಿಕೊಂಡು, ಮೀಸೆಯಲ್ಲೇ ನಗುತ್ತ, ಆಕೆಯ ಮಾತನ್ನೇ ಆಕೆಗೆ ಕೇಳಿದ: "ಹೆಂಗೈತ್ರಿ ಇದು?"

ಪಾರ್ವತೆಮ್ಮ ಪುಸ್ತಕ ಕಸಿದುಕೊಂಡಳು. ಅದಕ್ಕೆ ಕಟ್ಟಿದ್ದ ಕೆಂಪು ದಾರವನ್ನು ಹಲ್ಲಿನಿಂದ ಕಡಿದು ಬೀದಿಗೆ ಎಸೆದಳು.

"ನನಗ ಓದಾಕ ಬರೂದಿಲ್ಲ ತಮ್ಮಾ, ಓದಿಸಿ ಕೇಳೀನಿ. ಇದು ಕೊಲೆ ಪುಸ್ತಕ ಅಲ್ಲ. ಬರ್ದಾವ ಸುಳ್ಳು ಬರ್ದಾನ. ಆಕಿ ಸತ್ತಿಲ್ಲ."