ಉಡಿಗೆ ಹಾಕಿದ ತೊಗರಿ

ಹತ್ತಿಮತ್ತೂರಿನ ಅನ್ನವ್ವನಿಗೆ ಜಿಪುಣಿ ಎಂಬ ಹೆಸರಿತ್ತು. ಅನ್ನುವವರಿಗೇನು, ನಾಲಿಗೆಗೆ ಎಲುಬಿಲ್ಲ. ದಾರಿಯಲ್ಲಿ ಹೋಗುವವರನ್ನೂ ಕರೆದು ರೊಟ್ಟಿ ಬಡಿಸುವ ಹೆಂಗಸು ಅವಳು. ಬಿಗಿ ಹಿಡಿಯುತ್ತಿದ್ದುದು ಒಂದನ್ನೇ: ಬೂದಿ ಬೆರೆಸಿ ಗಡಿಗೆಯಲ್ಲಿಟ್ಟ ತೊಗರಿ ಬೀಜ. ಅತ್ತೆಯ ಕಾಲದ್ದು. ಊರೆಲ್ಲ ಅಂಗಡಿ ಬೀಜಕ್ಕೆ ಜೋತುಬಿದ್ದರೂ ಅನ್ನವ್ವ ಹಿತ್ತಲಲ್ಲಿ ಎರಡು ಸಾಲು ಇದನ್ನೇ ಹಾಕುತ್ತಿದ್ದಳು. ಬಿತ್ತನೆ ಮುಗಿಯುವ ತನಕ ಬೀಜ ಹೊಸ್ತಿಲು ದಾಟಬಾರದು, ದಾಟಿದರೆ ಮಗಳ ಉಡಿಯಲ್ಲೇ ದಾಟಬೇಕು ಎಂಬುದು ಆ ಮನೆಯ ಕಟ್ಟಳೆ.

ಮಗಳು ಶೀಲಾಳನ್ನು ಆಡೂರಿಗೆ ಕೊಟ್ಟಿದ್ದರು. ಆ ಊರಿನ ಹೊಲಗಳಲ್ಲಿ ನೆಟೆರೋಗ ಬಿದ್ದು ತೊಗರಿ ನಿಂತಲ್ಲೇ ಒಣಗುತ್ತಿತ್ತು. ಅವ್ವನ ಗಿಡ ಒಂದು ವರ್ಷವೂ ಒಣಗಿದ್ದಿಲ್ಲವಲ್ಲ ಎಂದು ಶೀಲಾ ಸಂಕ್ರಾಂತಿಗೆ ಬರುವಾಗ ವಿದ್ಯಾ ಎಂಬ ಸಂಶೋಧಕಿಯನ್ನೂ ಕರೆತಂದಳು. ಗಿಡದ ವಂಶವಾಹಿಗಳನ್ನೆಲ್ಲ ಓದಿ, ರೋಗ ತಡೆಯುವ ಗುಣ ಎಲ್ಲಿದೆಯೆಂದು ಹುಡುಕುತ್ತೇವೆ, ಸಿಕ್ಕರೆ ಬೇರೆ ತೊಗರಿಯೊಂದಿಗೆ ಕೂಡಿಸಿ ಹೊಸ ತಳಿ ಮಾಡುತ್ತೇವೆ ಎಂದು ವಿದ್ಯಾ ಬಿಡಿಸಿ ಹೇಳಿದಳು. ಅದಕ್ಕೆ ನಾಲ್ಕು ಎಲೆ, ಒಂದು ಹಿಡಿ ಬೀಜ ಬೇಕಿತ್ತು.

“ಎಲಿ ಎಷ್ಟರ ಹರ್ಕೊಳ್ರಿ. ಬೀಜ ಮಾತ್ರ ಬಿತ್ತಿಗಿ ಆದಮ್ಯಾಲ,” ಎಂದಳು ಅನ್ನವ್ವ.

ಶೀಲಾ ನಗುತ್ತ ಸೆರಗು ಒಡ್ಡಿ ನಿಂತಳು. “ಹಂಗಾರ ನನ್ನ ಉಡ್ಯಾಗ ಹಾಕವ್ವಾ. ನಾ ಅಕ್ಕಾರಿಗೆ ಕೊಡ್ತೇನಿ.”

ಮಗಳ ಉಪಾಯ ತಾಯಿಗೆ ತಿಳಿಯದೇ? ಪ್ರತಿ ಸಲ ಅಕ್ಕಿಯ ಜೊತೆ ಒಂದು ಬೊಗಸೆ ತೊಗರಿ ಹಾಕುತ್ತಿದ್ದವಳು ಆ ಸಲ ಹಟಕ್ಕೆ ಬಿದ್ದು ಬರೀ ಅಕ್ಕಿ ಹಾಕಿ ಕಳಿಸಿದಳು. ಹಿಂದೆ ಹಾಕಿದ್ದೆಲ್ಲ ಶೀಲಾಳ ಮನೆಯಲ್ಲಿ ಬೇಳೆಯಾಗಿ ಬೆಂದು ಹೋಗಿತ್ತು. ಶೀಲಾ ಮುನಿಸಿಕೊಳ್ಳಲಿಲ್ಲ. ಪಂಚಮಿಗೆ ಬಂದು ಕಸಿದುಕೊಂಡೇ ಹೋಗುತ್ತೇನೆಂದು ಬಸ್ಸು ಹತ್ತಿದಳು.

ಪಂಚಮಿ ಎಲ್ಲಿಯದು! ಬಸವ ಜಯಂತಿ ಕಳೆದ ವಾರಕ್ಕೆ ಕಾಮಾಲೆ ಬಂತು, ಎಂಟೇ ದಿನ, ಶೀಲಾ ಹೋಗಿಬಿಟ್ಟಳು. ಆಡೂರಿನಲ್ಲಿ ಮಣ್ಣಿಗಿಡುವ ಮೊದಲು ಮುತ್ತೈದೆಯ ಉಡಿ ತುಂಬುವಾಗ ಅನ್ನವ್ವ ಹತ್ತಿಮತ್ತೂರಿನಿಂದ ತಂದಿದ್ದ ಗಡಿಗೆ ಬಿಚ್ಚಿದಳು. ಬೂದಿ ಜಾಡಿಸಿ, ಅಷ್ಟೂ ತೊಗರಿಯನ್ನು ಮಗಳ ಸೆರಗಿಗೆ ಸುರಿದಳು. ಬಂಧುಗಳು ತಡೆಯಲು ಹೋದರೂ ಕೇಳಲಿಲ್ಲ.

ಕಾರಹುಣ್ಣಿಮೆ ಆದ ಮೇಲೆ ವಿದ್ಯಾ ಬಂದಳು. ಶೀಲಾಳ ಫೋನು ಹತ್ತುತ್ತಿಲ್ಲವೆಂದು ನೇರ ತವರಿಗೇ ಬಂದಿದ್ದಳು, ಮುಖದ ತುಂಬ ಖುಷಿ. ಎಲೆ ಓದಿ ಮುಗಿದಿತ್ತು, ಹುಡುಕುತ್ತಿದ್ದ ಗುಣ ಸಿಕ್ಕಿತ್ತು. ಇನ್ನು ಬೀಜ ಕೊಡಿ, ಹತ್ತು ಕಾಳಾದರೂ ಸಾಕು ಎಂದಳು.

ಅನ್ನವ್ವ ಗಡಿಗೆ ತಂದು ಬೋರಲು ಹಾಕಿದಳು. ಬರೀ ಬೂದಿ ಬಿತ್ತು. ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು.

ವಿದ್ಯಾ ಅಲ್ಲೇ ಕುಳಿತು ಅತ್ತಳು. ಎಲೆಯಲ್ಲಿದ್ದದ್ದೆಲ್ಲ ಕಂಪ್ಯೂಟರಿನಲ್ಲಿದೆ, ಒಂದಕ್ಷರವೂ ಹೋಗಿಲ್ಲ, ಆದರೆ ಅದರಿಂದ ಗಿಡ ಎಬ್ಬಿಸಲಾಗುವುದಿಲ್ಲ ಎಂದಳು. ಅನ್ನವ್ವನಿಗೆ ಅದು ಚೆನ್ನಾಗಿಯೇ ತಿಳಿಯಿತು. ಅವಳ ಮೊಬೈಲಿನಲ್ಲೂ ಶೀಲಾಳ ನಗುವ ಫೋಟೋ ಇತ್ತು.

“ಅವತ್ತ ಸೆರಗ ಒಡ್ಡಿ ನಿಂತಾಗ ಒಂದ ಹಿಡಿ ಹಾಕ್ಲಿಲ್ರಿ ನಾ,” ಎಂದಳು. ಆಮೇಲೆ ಕೇಳಿದಳು: “ಆಡೂರಾಗ ಮಳಿ ಆಗೇತಂತ. ಮೊಳಕಿ ಒಡದಿರ್ತಾವ. ಅಷ್ಟ ಆಳದಾಗಿಂದ ಮ್ಯಾಲ ಬರಾಕ ಆಗೂದಿಲ್ಲ, ಹೌದಲ್ರಿ?”

ಆಗುವುದಿಲ್ಲ ಎಂದು ವಿದ್ಯಾ ತಲೆಯಾಡಿಸಿದಳು. ಅನ್ನವ್ವ ನೆಲದ ಮೇಲಿನ ಬೂದಿಯನ್ನು ಬೆರಳಿನಿಂದ ಕೆದಕುತ್ತ ಕುಳಿತಳು.