ನಿಂತ ಹೃದಯ, ನಾಗವೇಣಿ ಕಂಡ ಬೆಳಕು

ಕೋವಿಡ್ ಇಳಿದ ಮರುವರ್ಷ ನಾನು ಕುಮಟಾದ ಒಂದು ಸಣ್ಣ ಆಸ್ಪತ್ರೆಯಲ್ಲಿ ಫಿಜಿಶಿಯನ್ ಆಗಿದ್ದೆ. ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಹಿರೇಗುತ್ತಿಯಿಂದ ನಾಗವೇಣಿ ಎಂಬವರನ್ನು ಕರೆತಂದರು. ಗದ್ದೆ, ತರಕಾರಿ ಮಾಡಿಕೊಂಡಿದ್ದ ಐವತ್ತರ ಆಸುಪಾಸಿನ ಹೆಂಗಸು. ಭಜನೆ ಹಾಡುತ್ತಿದ್ದಾಗ ಮುಂದಕ್ಕೆ ಬಿದ್ದು, ದೀಪದ ಕಂಬ ತಗುಲಿ ಹಣೆ ಒಡೆದಿತ್ತು.

"ಬಿದ್ದದ್ದಲ್ಲ ಡಾಕ್ಟ್ರಮ್ಮ, ಸಮಾಧಿ," ಎಂದರು ಗಂಡ ಗಣಪತಿ. "ಹಾಡ್ತಾ ಹಾಡ್ತಾ ಹೋಗ್ಬಿಡ್ತಾಳೆ. ಊರವರು ಬಂದು ಕಾಲು ಮುಟ್ತಾರೆ."

ಜೊತೆಗೆ ಬಂದಿದ್ದ ಗಣಪತಿಯವರ ಅಣ್ಣ ಶ್ರೀಧರ ನಿವೃತ್ತ ಉಪನ್ಯಾಸಕರು, ವೇದಾಂತ ಓದಿಕೊಂಡವರು. "ಎಂತ ಸಮಾಧಿ? ಕಂಡದ್ದೆಲ್ಲ ಭ್ರಮೆ. ಕಾಣುವವನು ಯಾರು ಅಂತ ಹುಡುಕ್ಬೇಕು," ಎಂದು ಗೊಣಗಿದರು. ನಾಗವೇಣಿ ಸೆರಗಿನಿಂದ ಹಣೆಯ ಗಾಯ ಒತ್ತಿ ಹಿಡಿದಿದ್ದರು.

ತಲೆತಿರುಗಿ ಬಿದ್ದವರಿಗೆ ಇಸಿಜಿ ಮಾನಿಟರ್ ಹಾಕುವುದು ನಮ್ಮ ರೂಢಿ. ಹಣೆಗೆ ಹೊಲಿಗೆ ಹಾಕುತ್ತಿದ್ದಾಗ ಅದರ ಅಲಾರಂ ಕೂಗಿತು. ಪರದೆಯ ಮೇಲೆ ಗೆರೆ ಚಪ್ಪಟೆಯಾಗಿ ಓಡುತ್ತಿತ್ತು. ನಾಗವೇಣಿಯವರ ಕಣ್ಣು ಅರೆತೆರೆದಿತ್ತು, ನಾಡಿ ಇರಲಿಲ್ಲ. ಎದೆ ಒತ್ತತೊಡಗಿದೆ. ಒತ್ತುತ್ತಲೇ ನರ್ಸನ್ನು ಕೂಗಿದೆ. ಕೊನೆಗೆ ಗೆರೆ ಮೇಲೆದ್ದಿತು. ಅವರು ಕಣ್ಣು ಬಿಟ್ಟು, ನಿದ್ದೆ ಕೆಟ್ಟ ಮಗುವಿನಂತೆ ಮುನಿದು ಕೇಳಿದರು: "ಎಂತಕ್ಕೆ ಎಬ್ಬಿಸಿದ್ರಿ?"

ನನ್ನ ವೃತ್ತಿಯಲ್ಲಿ ಅಷ್ಟು ಹೆದರಿಸಿದ ಪ್ರಶ್ನೆ ಇನ್ನೊಂದಿಲ್ಲ.

ಅದು ಕಂಪ್ಲೀಟ್ ಹಾರ್ಟ್ ಬ್ಲಾಕ್. ಹೃದಯದ ಮೇಲಿನ ಕೋಣೆಯ ವಿದ್ಯುತ್ ಸಂಕೇತ ಕೆಳಗಿನ ಕೋಣೆಗೆ ತಲುಪದೆ ಬಡಿತ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಬಿಡುತ್ತದೆ. ಹಾಡುವಾಗ ಮೈಮರೆತು ಹೋಗುತ್ತಿದ್ದದ್ದೂ ಇದರಿಂದಲೇ ಇರಬೇಕು, ಬಡಿತ ತಪ್ಪದಂತೆ ಕಾಯುವ ಪೇಸ್‌ಮೇಕರ್ ಎಂಬ ಸಣ್ಣ ಯಂತ್ರವನ್ನು ಎದೆಯಲ್ಲಿ ಇಡಬೇಕು ಎಂದು ಮೂವರಿಗೂ ಹೇಳಿದೆ. ಅದನ್ನು ಹಾಕುವ ಆಸ್ಪತ್ರೆ ಇದ್ದದ್ದು ಭಟ್ಕಳವನ್ನೂ ದಾಟಿ ದಕ್ಷಿಣಕ್ಕೆ.

ಗಣಪತಿ ಕೈಮುಗಿದರು. "ದೇವರು ಬರೂ ದಾರಿ ಮುಚ್ಬೇಡಿ."

"ನಾ ಹೇಳಿದ್ದೇ ಅಲ್ವಾ? ಬರೀ ದೇಹದ ಆಟ," ಎಂದರು ಶ್ರೀಧರ.

ನಾಗವೇಣಿ ಇಬ್ಬರನ್ನೂ ಹೊರಗೆ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಾ ಹೋಗೂ ಕಡೆ ಎಂತದೂ ಇಲ್ಲ. ಬರೀ ಬೆಳಕು. ನಾನೂ ಇಲ್ಲ. ಯಂತ್ರ ಹಾಕಿದ್ರೆ ಅದು ಬರ್ತದಾ?" ಎಂದರು.

"ಗೊತ್ತಿಲ್ಲ ಅಕ್ಕ. ಹಾಕದಿದ್ರೆ ಮುಂದಿನ ಸಲ ನೀವು ತಿರುಗಿ ಬರದೇ ಇರಬಹುದು."

"ನಿಮಗೆ ಹೆದರಿಕೆ ಆಗ್ತದಾ?"

"ತುಂಬಾ."

ಅವರು ನನ್ನ ಕೈ ಹಿಡಿದು ಮುಖ ನೋಡಿದರು. "ಆತು, ಹೋಗುವಾ," ಎಂದರು.

ನಾನೂ, ಗಣಪತಿಯವರೂ ಆಂಬುಲೆನ್ಸ್ ಹತ್ತಿದೆವು. ನಾಗವೇಣಿಯವರ ಎದೆಗೂ ಬೆನ್ನಿಗೂ ಪ್ಯಾಡ್ ಅಂಟಿಸಿ, ಹೊರಗಿನಿಂದಲೇ ಕರೆಂಟ್ ಕೊಟ್ಟು ಹೃದಯ ಬಡಿಸುವ ಯಂತ್ರ ಸಿದ್ಧವಿಟ್ಟಿದ್ದೆ. ಹೊನ್ನಾವರದ ಸೇತುವೆ ದಾಟುವವರೆಗೆ ಗೆರೆಯಿಂದ ಕಣ್ಣು ಕೀಳಲಿಲ್ಲ. ಮಂಕಿಯ ಹತ್ತಿರ ಅದು ಮತ್ತೆ ಚಪ್ಪಟೆಯಾಯಿತು. ಯಂತ್ರ ಚಾಲೂ ಮಾಡಿದೆ. ಪ್ರತಿ ಹೊಡೆತಕ್ಕೂ ಎದೆ, ಭುಜ ಅದುರಿದವು. ಎಚ್ಚರಾದ ನಾಗವೇಣಿ ನೋವಿಗೆ ಚೀರಿದರು. ಇಂಜೆಕ್ಷನ್ ಕೊಟ್ಟರೂ ನರಳಾಟ ನಿಲ್ಲಲಿಲ್ಲ. ಸಮಾಧಿ ಎನ್ನುತ್ತಿದ್ದ ಗಣಪತಿ, "ಬಿಡಬೇಡಿ, ಅವಳನ್ನ ಬಿಡಬೇಡಿ" ಎಂದು ಅಳುತ್ತಿದ್ದರು. ಭಟ್ಕಳದ ಪೇಟೆಯಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡಾಗ ಯಂತ್ರದ ಬ್ಯಾಟರಿಯ ಗುರುತು ಕೆಂಪಾಯಿತು. ನಾನೂ ದೇವರನ್ನು ಕರೆದೆ. ಯಾವ ದೇವರನ್ನೆಂದು ನೆನಪಿಲ್ಲ.

ಬ್ಯಾಟರಿ ಸಾಯುವ ಮೊದಲು ತಲುಪಿದೆವು. ಅಲ್ಲಿ ಪೇಸ್‌ಮೇಕರ್ ಹಾಕಿದರು, ನಾಗವೇಣಿ ಬದುಕಿದರು.

ಚಳಿಗಾಲದಲ್ಲಿ ತಪಾಸಣೆಗೆ ಬಂದ ನಾಗವೇಣಿ, "ಅದು ಬರಲಿಲ್ಲ," ಎಂದರು. ಕಣ್ಣು ತುಂಬಿತ್ತು. "ಮೊದಲು ಹಾಡು ಶುರುವಾದ್ರೆ ಅದಕ್ಕೇ ಕಾಯ್ತಿದ್ದೆ. ಈಗ ಕಡೇ ಸಾಲಿನವರೆಗೂ ಹಾಡ್ತೇನೆ. ಆದ್ರೆ ಅದು ಸುಳ್ಳು ಅಂತ ಮಾತ್ರ ನೀವು ಹೇಳ್ಬೇಡಿ."

ಹೇಳಲಿಲ್ಲ. ಹೃದಯ ನಿಂತಿತ್ತೆಂದು ಇಸಿಜಿ ಸಾಕ್ಷಿ ಹೇಳಬಲ್ಲದು. ಆ ಹೊತ್ತು ಅವರು ಕಂಡದ್ದಕ್ಕೆ ಅವರೊಬ್ಬರೇ ಸಾಕ್ಷಿ. ಅಂದಿನಿಂದ ರೋಗಿ ತನಗೆ ಕಂಡದ್ದನ್ನು ಹೇಳತೊಡಗಿದರೆ, ನಾಡಿಯ ಮೇಲಿನ ಬೆರಳು ತೆಗೆಯದೆ, ಮಾತು ಮುಗಿಯುವವರೆಗೆ ಕೇಳುತ್ತೇನೆ.